ಅಗಲದ ಟೈರ್ ಹಾಕಿಸಿದರೆ ಹಳೇ ಕಾರು ಮಳೆಯಲ್ಲಿ ಜಾರುವುದಿಲ್ಲವೇ? ನಿಜಾಂಶ ಇಲ್ಲಿದೆ

ಫೋರ್ಡ್ ಐಕಾನ್, ಹೋಂಡಾ ಸಿಟಿ ವಿಟೆಕ್, ಮಿತ್ಸುಬಿಷಿ ಲ್ಯಾನ್ಸರ್. 2000ದ ಆಸುಪಾಸಿನ ಈ ಸ್ಪೋರ್ಟಿ ಸೆಡಾನ್‌ಗಳಿಗೆ ಇಂದಿಗೂ ಅಭಿಮಾನಿಗಳಿದ್ದಾರೆ. ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡವರು ಮೊದಲು ಮಾಡಿಸಲು ಹೊರಡುವ ಕೆಲಸ ಅಲಾಯ್ ವೀಲ್ ಮತ್ತು ಅಗಲದ ಟೈರ್. 'ಟೈರ್ ಅಗಲವಾದಷ್ಟೂ ಹಿಡಿತ ಜಾಸ್ತಿ, ಮಳೆಯಲ್ಲೂ ಭಯವಿಲ್ಲ' ಎಂಬ ಮಾತು ಇದರ ಜೊತೆಗೇ ಓಡಾಡುತ್ತದೆ. ಇದು ನಿಜವೇ?

ಚಿಕ್ಕ ಉತ್ತರ: ಅರ್ಧ ಸತ್ಯ. ಒಣ ರಸ್ತೆಯ ತಿರುವಿನಲ್ಲಿ ಸ್ವಲ್ಪ ಲಾಭವಿದೆ. ನೀರು ನಿಂತ ರಸ್ತೆಯಲ್ಲಿ ಪರಿಣಾಮ ಉಲ್ಟಾ.

ಅಗಲ ಹೆಚ್ಚಿದರೆ ನೆಲಕ್ಕೆ ತಾಗುವ ಜಾಗವೂ ಹೆಚ್ಚುತ್ತದೆಯೇ?

ಅಷ್ಟಾಗಿ ಇಲ್ಲ. ಆ ಜಾಗವನ್ನು ಮುಖ್ಯವಾಗಿ ನಿರ್ಧರಿಸುವುದು ಕಾರಿನ ಭಾರ ಮತ್ತು ಟೈರಿನ ಗಾಳಿಯ ಒತ್ತಡ. 1,100 ಕಿಲೋ ಕಾರಿನಲ್ಲಿ ಒಂದು ಚಕ್ರದ ಪಾಲು ಸುಮಾರು 275 ಕಿಲೋ. 30 ಪಿಎಸ್‌ಐ ಗಾಳಿಯಿದ್ದರೆ ನೆಲಕ್ಕೆ ತಾಗುವುದು ಸರಿಸುಮಾರು 130 ಚದರ ಸೆಂ.ಮೀ., ಅಂದರೆ ನಮ್ಮ ಅಂಗೈ ಬೆರಳುಗಳಷ್ಟು ಜಾಗ. ಅಗಲದ ಟೈರ್ ಹಾಕಿದಾಗ ಈ ಜಾಗದ ಆಕಾರ ಬದಲಾಗುತ್ತದೆ: ಉದ್ದ ಕಡಿಮೆ, ಅಗಲ ಹೆಚ್ಚು. ತಿರುವಿನಲ್ಲಿ ಸಿಗುವ ಲಾಭ ಇದರಿಂದಲೇ.

ಮಳೆಯಲ್ಲಿ ಏನಾಗುತ್ತದೆ?

ನಂಜನಗೂಡಿನಿಂದ ಮೈಸೂರು ಮಾರ್ಗವಾಗಿ ಟಿ. ನರಸೀಪುರಕ್ಕೆ ಸಾಗುವ ರಾಷ್ಟ್ರೀಯ ಹೆದ್ದಾರಿ 766ರಲ್ಲಿ ಜೋರು ಮಳೆ ಬಂದಿದೆ ಎಂದುಕೊಳ್ಳಿ. ಟೈರ್ ನೆಲ ಮುಟ್ಟಬೇಕಾದರೆ ಎದುರಿನ ನೀರನ್ನು ಪಕ್ಕಕ್ಕೆ ತಳ್ಳಬೇಕು. ಟೈರ್ ಅಗಲವಾದಷ್ಟೂ ತಳ್ಳಬೇಕಾದ ನೀರು ಹೆಚ್ಚು. ವೇಗ ಹೆಚ್ಚಾಗಿ, ಹೊರಹೋಗಲು ನೀರಿಗೆ ಸಮಯ ಸಾಲದಿದ್ದರೆ ಟೈರ್ ನೀರಿನ ಪದರದ ಮೇಲೆಯೇ ತೇಲುತ್ತದೆ. ಇದಕ್ಕೆ ಆಕ್ವಾಪ್ಲೇನಿಂಗ್ ಎನ್ನುತ್ತಾರೆ. ಆಗ ಸ್ಟೇರಿಂಗ್ ತಿರುಗಿಸಿದರೂ ಕಾರು ತಿರುಗುವುದಿಲ್ಲ, ಬ್ರೇಕ್ ಒತ್ತಿದರೂ ನಿಲ್ಲುವುದಿಲ್ಲ. ಎಬಿಎಸ್ ಇಲ್ಲದ ಹಳೇ ಕಾರಿನಲ್ಲಿ ಗಾಬರಿಯಿಂದ ಬ್ರೇಕ್ ತುಳಿದರೆ ಚಕ್ರವೇ ಲಾಕ್ ಆಗಬಹುದು.

ಮಳೆಯಲ್ಲಿ ನಿಮ್ಮನ್ನು ಕಾಯುವುದು ಟೈರಿನ ಅಗಲವಲ್ಲ, ಅದರ ಗಾಡಿಗಳ ಆಳ. ಕಾರಿಗೆ ಕಾನೂನು ಹೇಳುವ ಕನಿಷ್ಠ ಆಳ 1.6 ಮಿ.ಮೀ. ಸವೆದ ಅಗಲದ ಟೈರಿಗಿಂತ ಆಳವಾದ ಗಾಡಿಗಳಿರುವ ಕಂಪನಿ ಅಳತೆಯ ಟೈರೇ ವಾಸಿ.

ಇನ್ನೊಂದು ಮಾತು. ಕಬಿನಿಯಿಂದ ಹೆಚ್ಚು ನೀರು ಬಿಟ್ಟಾಗ ನಂಜನಗೂಡು ಬಳಿಯ ಮಲ್ಲನಮೂಲೆಯಲ್ಲಿ ಹೆದ್ದಾರಿಯೇ ಮುಳುಗುತ್ತದೆ. 2018 ಮತ್ತು 2019ರಲ್ಲಿ ಹಾಗೇ ಆಗಿತ್ತು. ಹರಿಯುವ ನೀರಿಗೆ ಯಾವ ಟೈರೂ ಉತ್ತರವಲ್ಲ. ವಾಪಸ್ ತಿರುಗುವುದೇ ಸರಿ.

ಒಂದು ಅಂಕಿ ತಪ್ಪಿದರೆ?

ನಿಮ್ಮ ಕಾರಿನ ಟೈರ್ 175/65 ಆರ್14 ಎಂದುಕೊಳ್ಳೋಣ. 175 ಎಂದರೆ ಮಿ.ಮೀ. ಲೆಕ್ಕದಲ್ಲಿ ಅಗಲ. 65 ಎಂದರೆ ಟೈರಿನ ಪಕ್ಕದ ಗೋಡೆಯ ಎತ್ತರ ಅಗಲದ ಶೇ. 65. 14 ಎಂದರೆ ರಿಮ್ಮಿನ ಅಳತೆ, ಇಂಚಿನಲ್ಲಿ. ಚಕ್ರದ ಒಟ್ಟು ವ್ಯಾಸ ಸುಮಾರು 583 ಮಿ.ಮೀ.

195/55 ಆರ್15 ಹಾಕಿದರೆ ವ್ಯಾಸ 595 ಮಿ.ಮೀ. ದಾಟುತ್ತದೆ. ವ್ಯತ್ಯಾಸ ಶೇ. 2ರಷ್ಟು. ಆದರೆ ಯಾರದೋ ಕಾರಿನಿಂದ ಕಳಚಿದ 195/65 ಆರ್15 ಅಗ್ಗಕ್ಕೆ ಸಿಕ್ಕಿತೆಂದು ಹಾಕಿದರೆ ವ್ಯಾಸ 634 ಮಿ.ಮೀ. ದಾಟಿ, ಸುಮಾರು ಶೇ. 9 ಹೆಚ್ಚುತ್ತದೆ. ಮೀಟರ್ 80 ತೋರಿಸುವಾಗ ಕಾರು 87ರಲ್ಲಿ ಓಡುತ್ತಿರುತ್ತದೆ. ಮನೆಮಂದಿಯೆಲ್ಲ ಕೂತು ಹಂಪ್ ದಾಟುವಾಗ ಟೈರ್ ಮಡ್‌ಗಾರ್ಡಿಗೆ ಉಜ್ಜಲೂಬಹುದು.

ಪಕ್ಕದ ಗೋಡೆ ತೆಳುವಾದರೂ ಕಷ್ಟವೇ. ಗುಂಡಿಗೆ ಬಿದ್ದಾಗ ಪೆಟ್ಟು ನೇರವಾಗಿ ರಿಮ್ಮಿಗೆ ತಾಗುತ್ತದೆ. ರಿಮ್ಮು ಹೊರಕ್ಕೆ ಚಾಚಿದ್ದರೆ ವೀಲ್ ಬೇರಿಂಗ್ ಬೇಗ ಸವೆಯುತ್ತದೆ. ಚಕ್ರದ ತೂಕ ಹೆಚ್ಚಿದರೆ ಮೈಲೇಜ್ ಇಳಿಯುತ್ತದೆ, ಹಳೇ ಬ್ರೇಕಿಗೆ ಕೆಲಸ ಹೆಚ್ಚುತ್ತದೆ.

ಕಾನೂನು ಏನು ಹೇಳುತ್ತದೆ?

ತಯಾರಕರು ಕೊಟ್ಟ ವಿವರಕ್ಕೆ ವಿರುದ್ಧವಾಗಿ ವಾಹನ ಮಾರ್ಪಡಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ನಿರ್ಬಂಧಿಸುತ್ತದೆ. 2019ರ ತಿದ್ದುಪಡಿಯ ಪ್ರಕಾರ ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ 5,000 ರೂ. ದಂಡ, 6 ತಿಂಗಳವರೆಗೆ ಜೈಲು ಅಥವಾ ಎರಡನ್ನೂ ವಿಧಿಸಬಹುದು. 15 ವರ್ಷ ದಾಟಿದ ಕಾರನ್ನು ನೋಂದಣಿ ನವೀಕರಣಕ್ಕೆ ತಪಾಸಣೆಗೂ ಒಯ್ಯಬೇಕು.

ಹಾಗಾದರೆ ಏನು ಮಾಡಬೇಕು?

• ಕಂಪನಿಯು ಅದೇ ಮಾಡೆಲ್‌ಗೆ ಒಪ್ಪಿರುವ ಅಳತೆಯನ್ನೇ ಆರಿಸಿ. ಅದು ಮಾಲೀಕರ ಕೈಪಿಡಿಯಲ್ಲಿರುತ್ತದೆ.
• ರಿಮ್ಮಿನ ಅಗಲ ನೋಡಿ. 195/55 ಟೈರಿಗೆ ಕನಿಷ್ಠ 5.5 ಇಂಚು ಬೇಕು.
• ಲೋಡ್ ಇಂಡೆಕ್ಸ್ ಮೊದಲಿನದಕ್ಕಿಂತ ಕಡಿಮೆಯಿರಬಾರದು. 82 ಎಂದರೆ ಒಂದು ಟೈರಿಗೆ 475 ಕಿಲೋ.
• ಟೈರಿನ ವಯಸ್ಸು ನೋಡಿ. 2319 ಎಂದಿದ್ದರೆ 2019ರ 23ನೇ ವಾರ ತಯಾರಾದದ್ದು.

ಅಲಾಯ್ ವೀಲ್ ಚೆಂದ ಕಾಣುತ್ತದೆ, ನಾವೂ ಒಪ್ಪುತ್ತೇವೆ. ಆದರೆ ಬಜೆಟ್ ಒಂದಕ್ಕೇ ಸಾಲುವುದಾದರೆ ಮೊದಲು ಕಂಪನಿ ಅಳತೆಯ ನಾಲ್ಕು ಹೊಸ ಟೈರ್ ಹಾಕಿಸಿ, ಬ್ರೇಕ್ ಸರಿಮಾಡಿಸಿ. ಮುಂದಿನ ಸಲ ಇಂಥ ಫಾರ್ವರ್ಡ್ ಬಂದಾಗ ಶೇರ್ ಮಾಡುವ ಮುನ್ನ ನಿಮ್ಮ ಟೈರಿನ ಗಾಡಿ ಎಷ್ಟು ಉಳಿದಿದೆ ಎಂದು ಒಮ್ಮೆ ನೋಡಿ.