ಮಾತವೇರಿಯಿಂದ ತೊತೆಗೆಗಿಗೆ: ನಕ್ಷೆಯ ದೂರ, ದಾರಿಯ ದೂರ

ದಕ್ಷಿಣ ಪೆಸಿಫಿಕ್ ಸಾಗರದಲ್ಲಿ, ಚಿಲಿ ದೇಶಕ್ಕೆ ಸೇರಿದ ಈಸ್ಟರ್ ದ್ವೀಪದ ಮಾತವೇರಿ ವಿಮಾನ ನಿಲ್ದಾಣಕ್ಕೂ ಫ್ರೆಂಚ್ ಪಾಲಿನೇಷ್ಯದ ಗ್ಯಾಂಬಿಯರ್ ದ್ವೀಪಗಳ ತೊತೆಗೆಗಿ ನಿಲ್ದಾಣಕ್ಕೂ ನಡುವಿನ ಅಂತರ ಸುಮಾರು 2,600 ಕಿ.ಮೀ. ಇದು ಮಹಾವೃತ್ತದ ಲೆಕ್ಕ. ಅಂದರೆ ಗ್ಲೋಬಿನ ಮೇಲೆ ಎರಡು ಸ್ಥಳಗಳ ನಡುವೆ ದಾರವೊಂದನ್ನು ಬಿಗಿಯಾಗಿ ಎಳೆದು ಹಿಡಿದರೆ ಅದು ಹಾಯುವ ಅತಿ ಹತ್ತಿರದ ದಾರಿಯ ಉದ್ದ. ಗಂಟೆಗೆ 850 ಕಿ.ಮೀ. ವೇಗದ ಜೆಟ್ ವಿಮಾನಕ್ಕೆ ಇದು ಮೂರು ಗಂಟೆಯ ಹಾದಿ; ಮೇಲೇರುವ ಮತ್ತು ಇಳಿಯುವ ಹೊತ್ತು ಸೇರಿದರೆ ಮೂರೂವರೆ ಗಂಟೆ ಆದೀತು. ಆದರೆ ಈ ಎರಡು ನಿಲ್ದಾಣಗಳ ನಡುವೆ ನೇರವಾದ ನಿಯತ ವಿಮಾನವೇ ಇಲ್ಲ.

ಈಸ್ಟರ್ ದ್ವೀಪವನ್ನು ತಾಹಿತಿಯ ಪಪೀತೆಗೆ ಜೋಡಿಸುತ್ತಿದ್ದ 4,250 ಕಿ.ಮೀ. ಮಾರ್ಗ 2020ರ ಕೊರೊನಾ ಕಾಲದಲ್ಲಿ ನಿಂತಿತು. ಆ ಕೊಂಡಿ ಕಳಚಿದ ಮೇಲೆ ಪ್ರಯಾಣಿಕನು ಗುರಿಗೆ ಬೆನ್ನು ಹಾಕಿ, ಮೊದಲು ಪೂರ್ವಕ್ಕೆ 3,750 ಕಿ.ಮೀ. ಹಾರಿ ಚಿಲಿಯ ರಾಜಧಾನಿ ಸ್ಯಾಂಟಿಯಾಗೊ ತಲುಪಬೇಕಾಗುತ್ತದೆ. ಅಲ್ಲಿಂದ ಇಡೀ ಸಾಗರ ದಾಟಿ 9,670 ಕಿ.ಮೀ. ಆಚೆಯ ನ್ಯೂಜಿಲೆಂಡಿನ ಆಕ್ಲೆಂಡಿಗೆ, ಮತ್ತೆ 4,090 ಕಿ.ಮೀ. ಹಿಂದಕ್ಕೆ ಪಪೀತೆಗೆ, ಕೊನೆಗೆ ವಾರದಲ್ಲಿ ಕೆಲವೇ ದಿನ ಹಾರುವ ಪ್ರೊಪೆಲರ್ ವಿಮಾನದಲ್ಲಿ 1,650 ಕಿ.ಮೀ. ಸಾಗಿ ತೊತೆಗೆಗಿಗೆ ಬರಬೇಕು. ಒಟ್ಟು 19,000 ಕಿ.ಮೀ.ಗೂ ಹೆಚ್ಚು, ಭೂಮಿಯ ಸುತ್ತಳತೆಯ ಹತ್ತಿರಹತ್ತಿರ ಅರ್ಧ! ಆಕಾಶದಲ್ಲೇ ಒಂದು ದಿನಕ್ಕಿಂತ ಹೆಚ್ಚು ಕಳೆಯುತ್ತದೆ. ಕಾಯುವ ದಿನಗಳು ಬೇರೆ. ಈ ಸುತ್ತಿನಲ್ಲಿ ಅಂತರರಾಷ್ಟ್ರೀಯ ದಿನಾಂಕ ರೇಖೆಯನ್ನೂ ಎರಡು ಬಾರಿ ದಾಟಬೇಕಾಗಿ, ಆಕ್ಲೆಂಡಿಗೆ ಹೋಗುವಾಗ ಕಳೆದುಹೋದ ತಾರೀಖು ಪಪೀತೆಗೆ ಬರುವಾಗ ಮರಳಿ ಸಿಗುತ್ತದೆ.

ನೇರ ಹಾರಾಟವಿರುವಲ್ಲಿಯೂ ದೂರದಿಂದಷ್ಟೇ ಸಮಯ ನಿರ್ಧಾರವಾಗುವುದಿಲ್ಲ. ಈ ಅಕ್ಷಾಂಶಗಳ ಮೇಲ್ವಾಯುಮಂಡಲದಲ್ಲಿ ಗಾಳಿ ಬಹುತೇಕ ಪಶ್ಚಿಮದಿಂದ ಪೂರ್ವಕ್ಕೆ ಬೀಸುವುದರಿಂದ, ಸ್ಯಾಂಟಿಯಾಗೊದಿಂದ ಮಾತವೇರಿಗೆ ಸುಮಾರು ಐದೂವರೆ ಗಂಟೆ ಹಿಡಿದರೆ ಮರಳುವಾಗ ಐದು ಗಂಟೆಗಿಂತ ಕಡಿಮೆ ಸಾಕಾಗುತ್ತದೆ.

ಮಾತವೇರಿಯ 3,318 ಮೀಟರ್ ಉದ್ದದ ರನ್‌ವೇ ದೊಡ್ಡ ಜೆಟ್ ವಿಮಾನಗಳನ್ನೂ ತಾಳಬಲ್ಲದು. ಅಮೆರಿಕದ ಬಾಹ್ಯಾಕಾಶ ನೌಕೆಯು ತುರ್ತಾಗಿ ಇಳಿಯಬೇಕಾಗಿ ಬಂದರೆ ಬೇಕೆಂದು 1980ರ ದಶಕದಲ್ಲಿ ನಾಸಾ ನೆರವಿನಿಂದ ಅದನ್ನು ಹಿಗ್ಗಿಸಲಾಯಿತು, ನೌಕೆ ಮಾತ್ರ ಅಲ್ಲಿ ಎಂದೂ ಇಳಿಯಲಿಲ್ಲ. ಹವಳದ ದಿಬ್ಬದ ಮೇಲಿನ ತೊತೆಗೆಗಿಯ ರನ್‌ವೇ ಫ್ರಾನ್ಸ್‌ನ ಅಣುಪರೀಕ್ಷೆಗಳ ಕಾಲದ್ದು. ಎರಡೂ ಕಡೆ ದೂರದ ಪ್ರಭುತ್ವಗಳ ಅಗತ್ಯ ದ್ವೀಪವಾಸಿಗಳ ಅಗತ್ಯಕ್ಕಿಂತ ಮುಂದಿತ್ತು ಎಂಬುದನ್ನು ಮರೆಯಲಾಗದು. ಇಂದಿಗೂ ಈ ದ್ವೀಪಗಳ ವಿಮಾನಗಳು ಆಯಾ ಆಡಳಿತ ಕೇಂದ್ರಗಳ ಕಡೆಗೇ ಹಾರುತ್ತವೆ. ಆದರೆ ದ್ವೀಪಗಳ ನಂಟು ಅದಕ್ಕಿಂತ ಹಳೆಯದು. ಈಸ್ಟರ್ ದ್ವೀಪದ ಮೊದಲ ನಿವಾಸಿಗಳು ಗ್ಯಾಂಬಿಯರ್‌ನ ಮಂಗರೇವಾ ಅಥವಾ ಅದರ ಆಸುಪಾಸಿನಿಂದ ದೋಣಿಗಳಲ್ಲಿ ಬಂದಿರಬೇಕೆಂಬುದು ಹಲವು ವಿದ್ವಾಂಸರ ಅಭಿಪ್ರಾಯ. 1871ರಲ್ಲಿ ಅವರ ವಂಶದ ಅನೇಕರು ಮಿಷನರಿಗಳ ಜೊತೆ ಹಡಗು ಹತ್ತಿ ಅದೇ ಮಂಗರೇವಾಕ್ಕೆ ಹೋಗಿ ನೆಲೆಸಿದರು.