ಋಣಿಯ ಆಸ್ತಿಗೆ ಬೆಲೆ ಎಷ್ಟು? ಫ್ರೆಂಚ್ ಪದಗಳ ಅನುವಾದದಲ್ಲಿ ಎಚ್ಚರ

ಪ್ರಯೋಗಶಾಲೆಯಲ್ಲಿ ದ್ರವವೊಂದರ ಸಾಂದ್ರತೆಯನ್ನು ಅಳೆದು ಬರಿಯ ಅಂಕಿಯನ್ನು ಬರೆದರೆ ಸಾಲದು. ಏಕಮಾನ ಯಾವುದು, ಅಳೆದಾಗ ತಾಪ ಎಷ್ಟಿತ್ತು ಎಂಬುದನ್ನೂ ತಿಳಿಸಬೇಕು. ಆಸ್ತಿಯ ಬೆಲೆಗೂ ಈ ಮಾತು ಅನ್ವಯಿಸುತ್ತದೆ. ಫ್ರಾನ್ಸಿನ ದಿವಾಳಿ ಕಾನೂನಿನಲ್ಲಿ ಬೆಲೆ ಕಟ್ಟಿದ ಸನ್ನಿವೇಶವನ್ನು ತಿಳಿಸುವುದು ಅಂಕಿಯ ಜೊತೆಗಿರುವ ಪದ. ಅನುವಾದಕ ಎಡವುವುದೂ ಅಲ್ಲಿಯೇ.

ಮೊದಲಿಗೆ ‘ಆಕ್ತಿಫ್’, ‘ಪಾಸಿಫ್’ ಎಂಬ ಜೋಡಿಯನ್ನು ನೋಡೋಣ. ನಿತ್ಯದ ಮಾತಿನಲ್ಲಿ ಇವುಗಳ ಅರ್ಥ ಸಕ್ರಿಯ, ನಿಷ್ಕ್ರಿಯ. ಲೆಕ್ಕಪತ್ರದಲ್ಲಿ ಇವು ಆಸ್ತಿ ಮತ್ತು ಹೊಣೆ. ಇವುಗಳಿಗೆ ಸೇರುವ ವಿಶೇಷಣಗಳು ಇನ್ನೂ ಮುಖ್ಯ. ‘ಆಕ್ತಿಫ್ ದಿಸ್ಪೊನಿಬ್ಲ್’ ಎಂದರೆ ನಗದು, ಬ್ಯಾಂಕಿನಲ್ಲಿರುವ ಹಣ ಮುಂತಾದ, ಕೂಡಲೇ ಬಳಸಬಹುದಾದ ಆಸ್ತಿ. ‘ಪಾಸಿಫ್ ಎಗ್ಜಿಜಿಬ್ಲ್’ ಎಂದರೆ ವಾಯಿದೆ ಮುಗಿದು ಈಗಲೇ ತೀರಿಸಬೇಕಾದ ಸಾಲ. ಮೊದಲನೆಯದರಿಂದ ಎರಡನೆಯದನ್ನು ತೀರಿಸಲಾಗದ ಸ್ಥಿತಿಯನ್ನು ಫ್ರಾನ್ಸಿನ ವಾಣಿಜ್ಯ ಸಂಹಿತೆಯ ಎಲ್ 631-1ನೇ ವಿಧಿಯು ‘ಪಾವತಿ ಸ್ಥಗಿತ’ ಎಂದು ಕರೆಯುತ್ತದೆ.

ಒಂದು ಉದಾಹರಣೆ. ಕಾರ್ಖಾನೆಯೊಂದಕ್ಕೆ 50 ಲಕ್ಷ ಯೂರೋ ಬೆಲೆಯ ಕಟ್ಟಡವಿದೆ. ಕೈಯಲ್ಲಿರುವ ಹಣ 2 ಲಕ್ಷ, ಇಂದೇ ತೀರಿಸಬೇಕಾದ ಸಾಲ 3 ಲಕ್ಷ ಎಂದಿಟ್ಟುಕೊಳ್ಳಿ. ಬೇರೆ ಸಾಲದ ಸೌಲಭ್ಯವಾಗಲಿ ಸಾಲ ಕೊಟ್ಟವರಿಂದ ಕಾಲಾವಕಾಶವಾಗಲಿ ಇಲ್ಲದಿದ್ದರೆ ಇದು ಪಾವತಿ ಸ್ಥಗಿತವೇ. ಅನುವಾದಕ ‘ದಿಸ್ಪೊನಿಬ್ಲ್’ ಪದವನ್ನು ಕೈಬಿಟ್ಟು ಬರಿಯ ‘ಆಸ್ತಿ’ ಎಂದು ಬರೆದರೆ, ಕಟ್ಟಡವೂ ಲೆಕ್ಕಕ್ಕೆ ಸೇರಿ ಕಾರ್ಖಾನೆ ಕ್ಷೇಮವಾಗಿರುವಂತೆ ಕಾಣುತ್ತದೆ! ಇದು ಬರಿಯ ಭಾಷೆಯ ದೋಷವಲ್ಲ. ಬೇರೆ ಸಂಧಾನ ಪ್ರಕ್ರಿಯೆಗೆ ಮೊರೆಹೋಗಿಲ್ಲದಿದ್ದರೆ ಋಣಿಯು 45 ದಿನಗಳೊಳಗೆ ನ್ಯಾಯಾಲಯಕ್ಕೆ ಅರ್ಜಿ ಸಲ್ಲಿಸಬೇಕು. ತಿಳಿದೂ ಗಡುವು ಮೀರಿದವರು ಮುಂದೆ ಸಂಸ್ಥೆಗಳನ್ನು ನಡೆಸದಂತೆ ನ್ಯಾಯಾಲಯ ನಿಷೇಧಿಸಬಹುದು.

ಇನ್ನು ಬೆಲೆ ಕಟ್ಟುವ ವಿಷಯ. ಋಣಿಯ ಸ್ವತ್ತುಗಳ ಪಟ್ಟಿ ಮಾಡಿ ಬೆಲೆ ಕಟ್ಟುವುದನ್ನು ‘ಪ್ರಿಜೇ’ ಎನ್ನುತ್ತಾರೆ. ಅದರಲ್ಲಿ ಒಂದೇ ಯಂತ್ರಕ್ಕೆ ಎರಡು ಬೆಲೆಗಳು ಇರುವುದುಂಟು. ‘ಎಕ್ಸ್‌ಪ್ಲ್ವಾತಾಸಿಯೋಂ’ ಬೆಲೆಯನ್ನು ‘ಶೋಷಣೆಯ ಬೆಲೆ’ ಎಂದು ಅನುವಾದಿಸಿದರೆ ನಗೆಪಾಟಲು. ಅದು, ಉದ್ಯಮ ಮುಂದುವರಿದು ಯಂತ್ರ ಇದ್ದಲ್ಲೇ ದುಡಿಯುವುದಾದರೆ ಅದಕ್ಕಿರುವ ಬೆಲೆ. ‘ರೆಯಲಿಜಾಸಿಯೋಂ’ ಬೆಲೆ ಸಾಕ್ಷಾತ್ಕಾರಕ್ಕೆ ಸಂಬಂಧಿಸಿದ್ದಲ್ಲ. ಅದು ಯಂತ್ರವನ್ನು ಕಿತ್ತು ಹರಾಜು ಹಾಕಿದರೆ ಕೈಗೆ ಬರಬಹುದಾದ ಹಣ. ಇದು ಸಾಮಾನ್ಯವಾಗಿ ಕಡಿಮೆ. ಮೂರನೆಯದಾದ ‘ವಾಲರ್ ವೆನಾಲ್’ ಎಂದರೆ ಯಾರ ಒತ್ತಾಯವೂ ಇಲ್ಲದ ಮಾರಾಟದಲ್ಲಿ ದೊರೆಯುವ ಮಾರುಕಟ್ಟೆ ಬೆಲೆ. ಈ ಮೂರಕ್ಕೂ ಕನ್ನಡದಲ್ಲಿ ‘ಮೌಲ್ಯ’ ಎಂದಷ್ಟೇ ಬರೆದರೆ, ಸಾಲ ಕೊಟ್ಟವರು ತಮಗೆ ಎಷ್ಟು ಮರಳಿ ಬಂದೀತೆಂದು ತಿಳಿಯುವುದೇ ಸಾಧ್ಯವಿಲ್ಲ.

ಆದ್ದರಿಂದ ಇಂಥ ಪದ ಎದುರಾದಾಗ ನಿಘಂಟಿಗೆ ಕೈಹಾಕುವ ಮೊದಲು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಿ: ಮಾರುವವರು ಯಾರು? ಯಾವಾಗ? ಎಂಥ ಒತ್ತಾಯದಲ್ಲಿ? ಉತ್ತರ ಸಿಕ್ಕಿದರೆ ‘ಇದ್ದಲ್ಲಿಯ ಬೆಲೆ’, ‘ಹರಾಜಿನ ಬೆಲೆ’, ‘ಮಾರುಕಟ್ಟೆ ಬೆಲೆ’ ಎಂಬ ನಮ್ಮ ಪದಗಳೇ ಸಾಕು. ತಾಪ ತಿಳಿಸದ ಸಾಂದ್ರತೆಯನ್ನು ನಾವು ಒಪ್ಪುವುದಿಲ್ಲ. ಸನ್ನಿವೇಶ ತಿಳಿಸದ ಬೆಲೆಯನ್ನೂ ಒಪ್ಪಬೇಕಾಗಿಲ್ಲ.