ಚೋಕ್ ಗುಂಡಿಯ ನಿವೃತ್ತಿ

1983ರ ಡಿಸೆಂಬರಿನಲ್ಲಿ ಬೀದಿಗಿಳಿದು, ಒಂದು ತಲೆಮಾರಿನ ಮಧ್ಯಮವರ್ಗಕ್ಕೆ ಮೊದಲ ಕಾರಿನ ಹೆಮ್ಮೆಯನ್ನಿತ್ತ ಮಾರುತಿ 800ರ ಕಾರ್ಬ್ಯುರೇಟರ್ ಎಂಜಿನನ್ನು ಇಳಿಸಿ, ಅದೇ ಮನೆತನದ, ಇಂಜೆಕ್ಟರುಗಳಿಂದ ಪೆಟ್ರೋಲು ಚಿಮ್ಮಿಸುವ ಎಂಪಿಎಫ್‌ಐ ಎಂಜಿನನ್ನು ಏರಿಸಬೇಕೆಂಬ ಅಭಿಲಾಷೆ ಹಲವರಲ್ಲಿ ಉಂಟು. ಎರಡೂ 796 ಸಿಸಿ, ಎರಡಕ್ಕೂ 3 ಸಿಲಿಂಡರು. ಹಳೆಯದಕ್ಕೆ 6 ವಾಲ್ವು, ಹೊಸತಕ್ಕೆ 12. ಆದುದರಿಂದ ಬೋಲ್ಟು ಬಿಚ್ಚಿ ಬೋಲ್ಟು ಬಿಗಿದರೆ ಕಾರ್ಯ ಮುಗಿಯಿತೆಂದು ಭಾವಿಸುವವರು, ಕ್ಷಮಿಸಬೇಕು, ಗ್ಯಾರೇಜಿನ ಬಿಲ್ಲನ್ನು ಇನ್ನೂ ಕಂಡವರಲ್ಲ.

ನಿಜವಾದ ಪರೀಕ್ಷೆ ಪೆಟ್ರೋಲಿನದು. ಕ್ಯಾಮ್‌ಶಾಫ್ಟಿನ ಬಲದಿಂದ ನಡೆಯುವ ಸಣ್ಣ ಪಂಪಿನ ಮಂದವಾದ ಒತ್ತಡವೇ ಕಾರ್ಬ್ಯುರೇಟರಿಗೆ ಸಾಕಾಗಿತ್ತು; ಇಂಜೆಕ್ಟರಿನ ಸೂಕ್ಷ್ಮ ರಂಧ್ರಗಳಿಂದ ಅದೇ ಪೆಟ್ರೋಲು ಮಂಜಿನಂತೆ ಚಿಮ್ಮಬೇಕಾದರೆ ಅದರ ಅನೇಕ ಪಟ್ಟು ಒತ್ತಡ ಬೇಕು. ಎಂದಮೇಲೆ ವಿದ್ಯುತ್ ಪಂಪು, ಆ ಒತ್ತಡವನ್ನು ತಾಳುವ ಪೈಪು, ಎಂಜಿನಿನ ಮಿದುಳಾದ ಇಸಿಯು, ಸೆನ್ಸರುಗಳು, ಇವೆಲ್ಲವನ್ನೂ ಹೆಣೆಯುವ ವೈರಿಂಗ್! ಗುಜರಿಗೆ ಬಂದ ಕಾರಿನಿಂದ ವೈರಿಂಗನ್ನು ಕತ್ತರಿಸದೆ ಇಡಿಯಾಗಿ ಬಿಡಿಸಿ ತರುವ ಮೆಕ್ಯಾನಿಕ್ಕನೇ ಜಾಣನೆಂದು ನನ್ನ ಮತ. ಹಳೆಯ ರಬ್ಬರು ಪೈಪಿಗೇ ಕ್ಲಿಪ್ಪು ಬಿಗಿದು ಸಾಗಹಾಕುವವನು, ಕಾದ ಎಂಜಿನಿನ ಮೇಲೆ ಪೆಟ್ರೋಲು ಸೋರುವುದಕ್ಕೆ ತಾನೇ ದಾರಿ ಮಾಡಿಕೊಟ್ಟಂತೆ.

ಇನ್ನು ಕಾನೂನು: ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನನ್ವಯ ಆರ್‌ಟಿಓ ಅನುಮತಿ ಪಡೆದು, ಹೊಸ ಎಂಜಿನ್ ಸಂಖ್ಯೆಯನ್ನು ಆರ್‌ಸಿಯಲ್ಲಿ ನಮೂದಿಸಿಕೊಳ್ಳತಕ್ಕದ್ದು.

ಇಷ್ಟೆಲ್ಲ ಮುಗಿದು, ಮಾಗಿಯ ಮುಂಜಾನೆಯಲ್ಲಿ ಕೀಲಿ ತಿರುಗಿಸಿದೊಡನೆ ಗಾಡಿ ಗುನುಗತೊಡಗಿದಾಗ, ಹಳೆಯ ಅಭ್ಯಾಸಬಲದಿಂದ ಕೈ, ಚಳಿಯಲ್ಲಿ ಕಾರ್ಬ್ಯುರೇಟರ್ ಎಂಜಿನನ್ನು ಎಬ್ಬಿಸುತ್ತಿದ್ದ ಚೋಕ್ ಗುಂಡಿಯನ್ನು ಅರಸುತ್ತದೆ. ಗುಂಡಿ ಅಲ್ಲಿಯೇ ಇದೆ, ಎಳೆದರೆ ಬರುತ್ತದೆ. ಅದರ ಕೇಬಲ್ಲಿನ ಆಚೆಯ ತುದಿಯಲ್ಲಿ ಮಾತ್ರ ಏನೂ ಇಲ್ಲ.